ಎಣಿಕೆ ಸರಿಯಿದೆ, ರಕ್ತ ನಿಲ್ಲುತ್ತಿಲ್ಲ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಮಳೆಗಾಲ ಬಂತೆಂದರೆ ಕೊಬ್ಬರಿ ಧಾರಣೆಯ ಮಾತಿನ ನಡುವೆ ಪ್ಲೇಟ್‌ಲೆಟ್ ಎಣಿಕೆಯ ಮಾತೂ ಸೇರಿಕೊಳ್ಳುತ್ತದೆ. ತೋಟದ ಬದುವಿನಲ್ಲಿ ರಾಶಿ ಬಿದ್ದ ಚಿಪ್ಪು, ಎಳನೀರು ಕುಡಿದು ಬಿಸಾಡಿದ ಬುರುಡೆ, ದನದ ಕೊಟ್ಟಿಗೆ ಪಕ್ಕದ ಒಡಕು ತೊಟ್ಟಿ. ಇವುಗಳಲ್ಲಿ ನಿಂತ ನಾಲ್ಕು ಹನಿ ನೀರು ಈಡಿಸ್ ಸೊಳ್ಳೆಗೆ ಸಾಕು. ಡೆಂಗಿ ಬಂದ ಮನೆಯವರು ದಿನಾ ಬೆಳಿಗ್ಗೆ ರಕ್ತ ಕೊಟ್ಟು ಸಂಜೆ ರಿಪೋರ್ಟಿಗೆ ಕಾಯುತ್ತಾರೆ. 'ನಿನ್ನೆ ಎಂಬತ್ತು ಸಾವಿರ ಇತ್ತು, ಇವತ್ತು ಐವತ್ತಕ್ಕೆ ಇಳಿದಿದೆ' ಎಂದು ಒಬ್ಬರಿಗೊಬ್ಬರು ಫೋನು ಮಾಡುತ್ತಾರೆ. ಯಾರೋ ಪರಂಗಿ ಎಲೆ ಅರೆದು ರಸ ತರುತ್ತಾರೆ. ಇನ್ಯಾರೋ ಬೆಂಗಳೂರಿನಲ್ಲಿರುವ ನೆಂಟರಿಗೆ ಹೇಳಿ ಪ್ಲೇಟ್‌ಲೆಟ್ ಚೀಲಕ್ಕೆ ವ್ಯವಸ್ಥೆ ಮಾಡಿಸುತ್ತಾರೆ. 2024ರಲ್ಲಿ ರೋಗ ಎಷ್ಟು ಹಬ್ಬಿತ್ತೆಂದರೆ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಬೇಕಾಯಿತು.

ಹೀಗಾಗಿ ನಮ್ಮ ಜನರ ಮನಸ್ಸಿನಲ್ಲಿ ಪ್ಲೇಟ್‌ಲೆಟ್ ಎಂದರೆ ಒಂದು ಸಂಖ್ಯೆ. ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದೊಳಗಿದ್ದರೆ ನಿಶ್ಚಿಂತೆ, ಕೆಳಗಿಳಿದರೆ ಭಯ, ಚೀಲ ಹಾಕಿಸಿದರೆ ಸಮಾಧಾನ. ಈ ಅಧ್ಯಾಯ ಆ ಸಂಖ್ಯೆಗೆ ಸಿಕ್ಕದವರನ್ನು ಕುರಿತದ್ದು. ಅವರ ಎಣಿಕೆ ಎರಡೂವರೆ, ಮೂರು ಲಕ್ಷವೇ ಇರುತ್ತದೆ, ಆದರೂ ಮೂಗಿನಿಂದ ಸುರಿಯುವ ರಕ್ತ ನಿಲ್ಲುವುದಿಲ್ಲ. ಇನ್ನೊಬ್ಬರ ಪ್ಲೇಟ್‌ಲೆಟ್ ಕೊಟ್ಟರೆ ಮೊದಲ ಸಲ ನಿಲ್ಲುತ್ತದೆ. ಮುಂದೊಂದು ದಿನ ಅದೇ ಚೀಲವನ್ನು ಅವರ ಮೈ ಶತ್ರುವೆಂದು ತಿಳಿದು ಹೊಡೆದು ಹಾಕಬಹುದು. ಕಾರಣ, ಹುಟ್ಟುವಾಗಲೇ ಅವರಿಗೆ ಒಂದು ಪ್ರೋಟೀನು ಸಿಕ್ಕಿರುವುದಿಲ್ಲ.

ಇಂಥ ಮಗುವಿನ ಕಥೆ ಸಾಮಾನ್ಯವಾಗಿ ಶುರುವಾಗುವುದು ಮೈಮೇಲಿನ ಕಲೆಗಳಿಂದ. ಅಂಬೆಗಾಲಿಡುವ ಹೊತ್ತಿಗೆ ಮೊಣಕಾಲು, ಪಕ್ಕೆಗಳಲ್ಲಿ ನೀಲಿ ಕಲೆ ಕಾಣಿಸುತ್ತದೆ. ಹಾಲುಹಲ್ಲು ಬಿದ್ದಾಗ ಒಂದು ರಾತ್ರಿಯಿಡೀ ವಸಡಿನಿಂದ ರಕ್ತ ಜಿನುಗುತ್ತದೆ. ಬೇಸಿಗೆಯಲ್ಲಿ ಮೂಗು ಸೋರಿದರೆ ಹಿರಿಯರು 'ಉಷ್ಣ ಜಾಸ್ತಿಯಾಗಿದೆ' ಎಂದು ತಲೆಗೆ ಎಣ್ಣೆ ತಟ್ಟುತ್ತಾರೆ. ಡಾಕ್ಟರು ರಕ್ತ ಪರೀಕ್ಷೆ ಬರೆದರೆ ಎಣಿಕೆ ಸರಿ, ಪ್ಲೇಟ್‌ಲೆಟ್ ಗಾತ್ರ ಸರಿ, ಹಿಮೋಫಿಲಿಯಾ ಇದೆಯೇ ಎಂದು ನೋಡುವ ಪಿಟಿ, ಎಪಿಟಿಟಿ ಪರೀಕ್ಷೆಗಳೂ ಸರಿ. ಎಲ್ಲವೂ ಸರಿಯಿರುವ ಆ ಕಾಗದವನ್ನು ನೋಡಿ ಮನೆಯವರು ನಿರಾಳವಾಗುತ್ತಾರೆ. ನಿಜವಾದ ಕಷ್ಟ ಆ ನಿರಾಳದಿಂದಲೇ ಶುರುವಾಗುತ್ತದೆ.

1918ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಮಕ್ಕಳ ವೈದ್ಯ ಎಡ್ವರ್ಡ್ ಗ್ಲಾನ್ಸ್‌ಮನ್ ಇಂಥ ಮಕ್ಕಳ ರಕ್ತವನ್ನು ಗಮನವಿಟ್ಟು ನೋಡಿದ. ಅವನು ನೋಡಿದ್ದನ್ನು ನಾವೂ ಹತ್ತಿರದಿಂದ ನೋಡೋಣ. ಗಾಜಿನ ನಳಿಗೆಯಲ್ಲಿ ಆರೋಗ್ಯವಂತರ ರಕ್ತ ತುಂಬಿ ಮೈಶಾಖದಷ್ಟು ಬೆಚ್ಚಗೆ ಇಟ್ಟರೆ ಕೆಲವು ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ. ಅಲ್ಲಿಗೆ ಮುಗಿಯುವುದಿಲ್ಲ. ಒಂದೆರಡು ಗಂಟೆಯಲ್ಲಿ ಆ ಹೆಪ್ಪು ಗಾಜಿನ ಗೋಡೆಯಿಂದ ಬಿಟ್ಟುಕೊಂಡು, ಸಣ್ಣಗೆ ಸುಕ್ಕಿ, ಗಟ್ಟಿ ಗಂಟಾಗಿ ನಡುವೆ ನಿಲ್ಲುತ್ತದೆ. ಸುತ್ತಲೂ ತಿಳಿಹಳದಿ ಸೀರಂ ಹಿಂಡಿ ಬಂದಿರುತ್ತದೆ. ಗ್ಲಾನ್ಸ್‌ಮನ್ ನೋಡಿದ ಮಕ್ಕಳ ರಕ್ತ ಹೆಪ್ಪುಗಟ್ಟಿತು, ಆದರೆ ಸುಕ್ಕಲಿಲ್ಲ. ನಳಿಗೆಯ ತುಂಬ ಹಾಗೇ ಮೆತ್ತಗೆ ಕುಳಿತಿತ್ತು. ಬೆರಳು ಚುಚ್ಚಿ ನೇರವಾಗಿ ಗಾಜಿನ ಪಟ್ಟಿಯ ಮೇಲೆ ಸವರಿದ ರಕ್ತದಲ್ಲೂ ಹೀಗೊಂದು ವ್ಯತ್ಯಾಸ ಕಾಣುತ್ತದೆ. ನಮ್ಮ ನಿಮ್ಮ ಪ್ಲೇಟ್‌ಲೆಟ್‌ಗಳು ಗುಂಪು ಗುಂಪಾಗಿ ಅಂಟಿಕೊಂಡಿರುತ್ತವೆ. ಈ ಮಕ್ಕಳದು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಬಿಡಿಬಿಡಿಯಾಗಿ ಚೆಲ್ಲಿರುತ್ತದೆ. ಪ್ಲೇಟ್‌ಲೆಟ್ ಇದೆ, ಶಕ್ತಿಯಿಲ್ಲ ಎಂಬ ಅರ್ಥದಲ್ಲಿ ಅವನು ಇದನ್ನು ಥ್ರಾಂಬಾಸ್ತೇನಿಯಾ ಎಂದು ಕರೆದ. ಇಂದು ಅದು ಗ್ಲಾನ್ಸ್‌ಮನ್ ಥ್ರಾಂಬಾಸ್ತೇನಿಯಾ.

ಸೂಕ್ಷ್ಮದರ್ಶಕ ಅವನಿಗೆ ತೋರಿಸಿದ್ದು ಅಷ್ಟೇ. ಏನು ಕೊರತೆ ಎಂದು ಗೊತ್ತಾಗಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. 1974ರಲ್ಲಿ ಪ್ಯಾರಿಸ್‌ನಲ್ಲಿ ಅಲನ್ ನರ್ಡನ್ ಮತ್ತು ಜಾಕ್ ಕಾನ್ ಎಂಬ ಸಂಶೋಧಕರು ಪ್ಲೇಟ್‌ಲೆಟ್‌ನ ಹೊರಪೊರೆಯ ಪ್ರೋಟೀನುಗಳನ್ನು ಜೆಲ್ ಮೇಲೆ ಓಡಿಸಿ ಬೇರ್ಪಡಿಸಿದರು. ಆರೋಗ್ಯವಂತರಲ್ಲಿ ಕಾಣುವ ಪಟ್ಟಿ ರೋಗಿಗಳಲ್ಲಿ ಕಾಣಲಿಲ್ಲ. ಮುಂದಿನ ವರ್ಷಗಳಲ್ಲಿ ಅದು ಒಂದಲ್ಲ, ಜೋಡಿ ಪ್ರೋಟೀನು ಎಂದು ಖಚಿತವಾಯಿತು. ವೈದ್ಯರು ಅದನ್ನು ಟು-ಬಿ ತ್ರೀ-ಎ ಎನ್ನುತ್ತಾರೆ. ಆರೋಗ್ಯವಂತರ ಒಂದೊಂದು ಪ್ಲೇಟ್‌ಲೆಟ್ ಮೈಮೇಲೂ ಇಂಥ ಸುಮಾರು 80,000 ಜೋಡಿಗಳಿರುತ್ತವೆ. ಇಡೀ ಪ್ಲೇಟ್‌ಲೆಟ್ಟೇ ಎರಡು ಮೂರು ಮೈಕ್ರಾನ್ ಅಗಲ, ಅಂದರೆ ಒಂದು ಮಿಲಿಮೀಟರಿನಲ್ಲಿ ಮುನ್ನೂರಕ್ಕೂ ಹೆಚ್ಚು ಸಾಲಾಗಿ ಹಿಡಿಸುತ್ತವೆ ಎಂಬುದನ್ನು ನೆನೆದರೆ ಇದೆಷ್ಟು ದಟ್ಟಣೆ ಎಂದು ತಿಳಿದೀತು.

ಈ ಜೋಡಿ ಮಾಡುವ ಕೆಲಸವನ್ನು ತೆಂಗಿನ ಸೀಮೆಯವರಿಗೆ ಹೇಳುವುದು ಸುಲಭ. ರಕ್ತದಲ್ಲಿ ಫೈಬ್ರಿನೋಜೆನ್ ಎಂಬ ಉದ್ದನೆಯ ಪ್ರೋಟೀನು ತೇಲುತ್ತಿರುತ್ತದೆ. ಅದನ್ನು ನಾರಿನ ಹಗ್ಗ ಎಂದುಕೊಳ್ಳಿ, ಎರಡು ತುದಿಯಲ್ಲೂ ಕುಣಿಕೆಯಿರುವ ಹಗ್ಗ. ಟು-ಬಿ ತ್ರೀ-ಎ ಆ ಕುಣಿಕೆ ಸಿಕ್ಕಿಸುವ ಕೊಂಡಿ. ಗಾಯವಾದಾಗ ಕೊಂಡಿಗಳು ಬಾಯಿ ತೆರೆಯುತ್ತವೆ, ಒಂದು ಹಗ್ಗದ ಎರಡು ತುದಿ ಎರಡು ಪ್ಲೇಟ್‌ಲೆಟ್‌ಗೆ ಸಿಕ್ಕಿಕೊಳ್ಳುತ್ತವೆ, ಹೀಗೆ ಸಾವಿರಾರು ಸೇರಿ ಗಾಯದ ಬಾಯಿ ಮುಚ್ಚುತ್ತದೆ. ಕೊಂಡಿಯೇ ಇಲ್ಲದಿದ್ದರೆ ಹಗ್ಗ ಎಷ್ಟಿದ್ದೂ ಕಟ್ಟುವುದಕ್ಕೆ ಬರುವುದಿಲ್ಲ. ಹೆಪ್ಪು ಸುಕ್ಕುವುದೂ ಇದೇ ಹಿಡಿತದಿಂದ. ನಳಿಗೆಯಲ್ಲಿ ಗ್ಲಾನ್ಸ್‌ಮನ್ ಕಂಡ ಮೆತ್ತನೆ ಹೆಪ್ಪಿಗೆ ಇದೇ ಕಾರಣ.

ಇದೇ ಕೊಂಡಿಯನ್ನು ಬೇಕೆಂದೇ ಮುಚ್ಚುವ ಔಷಧಗಳೂ ಇವೆ. ಗ್ಲಾನ್ಸ್‌ಮನ್ ರೋಗಿಗಳ ರಕ್ತವನ್ನು ಅಭ್ಯಾಸ ಮಾಡುತ್ತಿದ್ದ ಅಮೆರಿಕದ ಬ್ಯಾರಿ ಕೋಲರ್, ಹೃದಯದ ರಕ್ತನಾಳದಲ್ಲಿ ಹೆಪ್ಪು ಕಟ್ಟುವ ಹೊತ್ತಿಗೆ ಆರೋಗ್ಯವಂತರ ಪ್ಲೇಟ್‌ಲೆಟ್‌ಗಳನ್ನೂ ಕೆಲವು ಗಂಟೆ ಹೀಗೆ ಮಾಡಿದರೆ ಹೇಗೆ ಎಂದು ಯೋಚಿಸಿದ. ಆ ದಾರಿಯಲ್ಲಿ ಬಂದ ಆಬ್ಸಿಕ್ಸಿಮ್ಯಾಬ್‌ಗೆ 1994ರಲ್ಲಿ ಅಲ್ಲಿ ಅನುಮತಿ ಸಿಕ್ಕಿತು. ಅದರ ನಂತರ ಬಂದ ಟಿರೋಫಿಬಾನ್ ಎಂಬ ಔಷಧದ ವಿನ್ಯಾಸಕ್ಕೆ ಮಾದರಿಯಾದದ್ದು ಗರಗಸ ಮಂಡಲದ ವಿಷದಲ್ಲಿರುವ ಒಂದು ಸಣ್ಣ ಪ್ರೋಟೀನು. ನಮ್ಮ ಬಯಲುಸೀಮೆಯ ಕುರುಚಲು ಕಾಡಿನ ಕಲ್ಲುಗಳ ಸಂದಿಯಲ್ಲಿ ಸಿಗುವ ಹಾವಿನ ಜಾತಿಯೇ ಇದು. ಯಾವ ಕೊರತೆಯಿಂದ ಒಂದು ಮಗು ವರ್ಷಗಟ್ಟಲೆ ನರಳುತ್ತದೋ, ಅದನ್ನೇ ಅಳತೆ ಮಾಡಿ ಕೊಟ್ಟರೆ ಹೃದಯಾಘಾತವಾದವರು ಬದುಕುತ್ತಾರೆ. ಆ ಮಕ್ಕಳ ಋಣ ಹೃದ್ರೋಗ ಚಿಕಿತ್ಸೆಯ ಮೇಲಿದೆ ಎಂದು ನಾನು ನಂಬುತ್ತೇನೆ. ಈ ಋಣವನ್ನು ಯಾರೂ ತೀರಿಸಿದಂತಿಲ್ಲ.

ಇದು ಎಲ್ಲೋ ದೂರದ ಕಾಯಿಲೆ ಎಂದುಕೊಳ್ಳಬೇಡಿ. ಪಾಶ್ಚಾತ್ಯ ಪುಸ್ತಕಗಳು ಇದನ್ನು ಹತ್ತು ಲಕ್ಷಕ್ಕೆ ಒಬ್ಬರಿಗೆ ಬರುವ ವಿರಳ ರೋಗ ಎನ್ನುತ್ತಿದ್ದ ಕಾಲದಲ್ಲೇ, 1981ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ದಕ್ಷಿಣ ಭಾರತದ 42 ರೋಗಿಗಳ ವಿವರವನ್ನು ಒಟ್ಟಿಗೆ ಪ್ರಕಟಿಸಿದರು. ಒಂದೇ ಆಸ್ಪತ್ರೆಯ ಮಟ್ಟಿಗೆ ಅದು ಬೆರಗುಗೊಳಿಸುವ ಸಂಖ್ಯೆ. ಮತ್ತೆ 2006ರಲ್ಲಿ ವೆಲ್ಲೂರು, ಇಸ್ರೇಲ್, ಅಮೆರಿಕದ ವಿಜ್ಞಾನಿಗಳು ಸೇರಿ ದಕ್ಷಿಣ ಭಾರತದ 40 ಕುಟುಂಬಗಳ ಜೀನುಗಳನ್ನು ಓದಿದರು. ಕೊಂಡಿಯ ಎರಡು ಭಾಗಗಳಿಗೆ ಎರಡು ಜೀನು, ಎರಡೂ 17ನೇ ವರ್ಣತಂತುವಿನಲ್ಲಿವೆ. ಯಾವುದೊಂದು ಕೆಟ್ಟರೂ ಜೋಡಿ ಕೂಡುವುದಿಲ್ಲ, ಪ್ಲೇಟ್‌ಲೆಟ್‌ನ ಮೈಗೆ ಬರುವುದಿಲ್ಲ. ಆ 40 ಕುಟುಂಬಗಳಲ್ಲಿ ಅವರಿಗೆ 23 ಬೇರೆ ಬೇರೆ ತಪ್ಪುಗಳು ಸಿಕ್ಕವು. ಅವುಗಳಲ್ಲಿ 20 ಜಗತ್ತಿನಲ್ಲಿ ಅದಕ್ಕೆ ಮೊದಲು ಯಾರೂ ಕಂಡಿರದವು.

ಇರಾಕಿ ಯಹೂದಿಗಳಲ್ಲಿಯೂ ಈ ರೋಗ ಹೆಚ್ಚು. ಆದರೆ ಅಲ್ಲಿ ಹೆಚ್ಚಿನವರಲ್ಲಿ ಯಾವುದೋ ಒಬ್ಬ ಪೂರ್ವಜರಿಂದ ಇಳಿದು ಬಂದ ಒಂದೇ ತಪ್ಪು ಇದೆ. ನಮ್ಮಲ್ಲಿ ಹಾಗಲ್ಲ. ಒಂದೊಂದು ಕುಲದಲ್ಲಿ, ಒಂದೊಂದು ಮನೆತನದಲ್ಲಿ ಒಂದೊಂದು ತಪ್ಪು ತಲೆಮಾರುಗಳಿಂದ ಅಡಗಿ ಕುಳಿತಿದೆ, ಸಂಬಂಧದೊಳಗೆ ಮದುವೆಯಾದಾಗ ಮೇಲೆ ಬರುತ್ತದೆ.

ಸೋದರಿಕೆಯ ವಿಷಯಕ್ಕೆ ಬಂದಾಗ ನಮ್ಮ ಬರಹಗಾರರು ಒಂದೋ ಬೈಯುತ್ತಾರೆ, ಇಲ್ಲವೇ ಸುಮ್ಮನಾಗುತ್ತಾರೆ. ಲೆಕ್ಕ ಮಾಡಿ ನೋಡುವುದು ಮೇಲು. 1980ರ ದಶಕದಲ್ಲಿ ಬೆಂಗಳೂರಿನ ವಿಜ್ಞಾನಿ ಎನ್. ಅಪ್ಪಾಜಿ ರಾವ್, ಎ. ರಾಧಾ ರಮಾದೇವಿ ಮತ್ತು ಲಂಡನ್‌ನಿಂದ ಬಂದು ಅವರೊಡನೆ ದುಡಿದ ಅಲನ್ ಬಿಟಲ್ಸ್ ಕರ್ನಾಟಕದ ಹೆರಿಗೆ ಆಸ್ಪತ್ರೆಗಳಲ್ಲಿ ಹತ್ತಾರು ಸಾವಿರ ತಾಯಂದಿರನ್ನು ವಿಚಾರಿಸಿದಾಗ, ಸುಮಾರು ಮೂರರಲ್ಲೊಂದು ಮದುವೆ ರಕ್ತಸಂಬಂಧದೊಳಗೆ ಆಗಿತ್ತು. ಅಕ್ಕನ ಮಗಳನ್ನು ತಂದುಕೊಂಡ ಮದುವೆಗಳೂ ಸೋದರತ್ತೆ, ಸೋದರಮಾವನ ಮಕ್ಕಳೊಡನೆ ಆದವೂ ಅದರಲ್ಲಿ ಸೇರಿದ್ದವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಪ್ರಮಾಣ ನಾಲ್ಕರಲ್ಲೊಂದಕ್ಕಿಂತ ಹೆಚ್ಚೇ ಇದೆ.

ಈ ರೋಗ ಬರಬೇಕಾದರೆ ತಾಯಿಯಿಂದೊಂದು, ತಂದೆಯಿಂದೊಂದು, ಕೆಟ್ಟ ಜೀನಿನ ಎರಡು ಪ್ರತಿ ಮಗುವಿಗೆ ಸಿಗಬೇಕು. ಒಂದೇ ಪ್ರತಿ ಇದ್ದವರಿಗೆ ಏನೂ ಆಗುವುದಿಲ್ಲ. ಅವರಿಗೆ ಅರ್ಧದಷ್ಟು ಕೊಂಡಿಗಳಿರುತ್ತವೆ, ಅಷ್ಟು ಧಾರಾಳ ಸಾಕು. ಹತ್ತು ಲಕ್ಷಕ್ಕೊಬ್ಬರು ಎಂಬ ಲೆಕ್ಕದಲ್ಲಿ ಐನೂರರಲ್ಲೊಬ್ಬರು ಇಂಥ ವಾಹಕರು. ವಾಹಕನೊಬ್ಬ ಹೊರಗಿನ ಹೆಣ್ಣನ್ನು ಮದುವೆಯಾದರೆ ಮಗುವಿಗೆ ರೋಗ ಬರುವ ಸಾಧ್ಯತೆ ಎರಡು ಸಾವಿರಕ್ಕೆ ಒಂದು. ಸೋದರಮಾವನ ಮಗಳನ್ನಾದರೆ ಮೂವತ್ತೆರಡಕ್ಕೆ ಒಂದು. ಅಕ್ಕನ ಮಗಳನ್ನಾದರೆ ಹದಿನಾರಕ್ಕೆ ಒಂದು. ಸಂಬಂಧದಲ್ಲಿ ಮದುವೆಯಾದ ಬಹುಪಾಲು ದಂಪತಿಗಳ ಮಕ್ಕಳು ಚೆನ್ನಾಗಿಯೇ ಇರುತ್ತಾರೆ, ಏಕೆಂದರೆ ಬಹುಪಾಲು ಮನೆತನಗಳಲ್ಲಿ ಈ ತಪ್ಪೇ ಇಲ್ಲ. ಆದರೆ ಇರುವ ಮನೆತನದಲ್ಲಿ ಎರಡು ಸಾವಿರಕ್ಕೂ ಹದಿನಾರಕ್ಕೂ ಇರುವ ಅಂತರ ಸಣ್ಣದಲ್ಲ. ಮಗು ಹೀಗಾದದ್ದಕ್ಕೆ ಸೊಸೆಯನ್ನು ದೂರುವ ಮನೆಗಳಿಗೆ ಇದನ್ನು ಗಟ್ಟಿಯಾಗಿ ಹೇಳಬೇಕು. ಎರಡು ಪ್ರತಿಗಳಲ್ಲಿ ಒಂದು ಗಂಡನದು. ಅವಳು ಅಕ್ಕನ ಮಗಳಾಗಿದ್ದರೆ ಎರಡೂ ಒಂದೇ ಅಜ್ಜ ಅಜ್ಜಿಯ ಮನೆಯಿಂದ ಬಂದಂಥವು.

ಇನ್ನು ಚೀಲದ ವಿಷಯ.

ರಕ್ತ ನಿಲ್ಲದ ಮಗುವನ್ನು ಆಸ್ಪತ್ರೆಗೆ ಸೇರಿಸಿದಾಗ ಇನ್ನೊಬ್ಬರ ಪ್ಲೇಟ್‌ಲೆಟ್ ಕೊಡುವುದು ಸಹಜ ಯೋಚನೆ. ದಾನಿಯ ಪ್ಲೇಟ್‌ಲೆಟ್‌ಗಳಿಗೆ ಕೊಂಡಿ ಇದೆ, ಗಾಯದ ಬಾಯಿಗೆ ಅವು ಸಾಲುಗಟ್ಟುತ್ತವೆ, ರಕ್ತ ನಿಲ್ಲುತ್ತದೆ. ಆದರೆ ಆ ಕೊಂಡಿ ಮಗುವಿನ ರೋಗನಿರೋಧಕ ವ್ಯವಸ್ಥೆ ಎಂದೂ ನೋಡಿರದ ವಸ್ತು. ನಮ್ಮ ರಕ್ಷಣಾ ಕಣಗಳು ಎಳವೆಯಲ್ಲೇ, ಎದೆಗೂಡಿನಲ್ಲಿರುವ ಥೈಮಸ್ ಗ್ರಂಥಿಯಲ್ಲಿ ಮತ್ತು ಅಸ್ಥಿಮಜ್ಜೆಯಲ್ಲಿ, ಸ್ವಂತ ಮೈಯ ಪ್ರೋಟೀನುಗಳನ್ನು ಗುರುತು ಹಿಡಿಯುವುದನ್ನು ಕಲಿಯುತ್ತವೆ. ಸ್ವಂತದ್ದರ ಮೇಲೆ ಹರಿಹಾಯುವ ಕಣಗಳು ಅಲ್ಲೇ ನಾಶವಾಗುತ್ತವೆ. ಟು-ಬಿ ತ್ರೀ-ಎ ಒಂದು ಕಣದಷ್ಟೂ ಇಲ್ಲದ ಮೈಯಲ್ಲಿ ಅದನ್ನು ನಮ್ಮದೆಂದು ಕಲಿಯಲು ದಾರಿಯೇ ಇಲ್ಲ. ಉಳಿದ ಮನುಷ್ಯರೆಲ್ಲರಲ್ಲೂ ಇರುವ ಒಂದು ಸಾಮಾನ್ಯ ಪ್ರೋಟೀನು ಈ ಮಗುವಿನ ಮಟ್ಟಿಗೆ ಹೊರಗಿನಿಂದ ಬಂದ ಕ್ರಿಮಿಯಷ್ಟೇ ಅಪರಿಚಿತ. ಅದರ ವಿರುದ್ಧ ಪ್ರತಿಕಾಯಗಳು ತಯಾರಾಗುತ್ತವೆ.

1975ರಲ್ಲಿ ಫ್ರಾನ್ಸಿನ ಸಂಶೋಧಕರು, ಹಲವು ಸಲ ರಕ್ತ ಪಡೆದಿದ್ದ ಒಬ್ಬ ಗ್ಲಾನ್ಸ್‌ಮನ್ ರೋಗಿಯಲ್ಲಿ ಇಂಥ ಪ್ರತಿಕಾಯವನ್ನು ಮೊದಲು ವಿವರಿಸಿದರು. ಆ ಪ್ರತಿಕಾಯವನ್ನು ಪ್ರಯೋಗಾಲಯದಲ್ಲಿ ಆರೋಗ್ಯವಂತರ ಪ್ಲೇಟ್‌ಲೆಟ್‌ಗೆ ಬೆರೆಸಿದಾಗ ಅವೂ ಒಂದಕ್ಕೊಂದು ಅಂಟದೆ ಹೋದವು. ಇಲ್ಲಿ ನಡೆಯುವ ಅನಾಹುತ ಎರಡು ಬಗೆಯದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಪ್ರತಿಕಾಯ ಮೆತ್ತಿಕೊಂಡ ಪ್ಲೇಟ್‌ಲೆಟ್‌ಗಳನ್ನು ಗುಲ್ಮ ಹಿಡಿದು ನುಂಗುತ್ತದೆ. ಮಾಮೂಲಾಗಿ ಎಂಟು ಹತ್ತು ದಿನ ಬದುಕಬೇಕಾದವು ಗಂಟೆಗಳಲ್ಲಿ ಮಾಯವಾಗುತ್ತವೆ. ನುಂಗಲ್ಪಡದೆ ಉಳಿದವುಗಳ ಕೊಂಡಿಯ ಬಾಯಿಗೂ ಪ್ರತಿಕಾಯ ಅಡ್ಡ ಕೂರುತ್ತದೆ. ಹಗ್ಗ ಸಿಕ್ಕುವುದಿಲ್ಲ. ದಾನಿಯ ಆರೋಗ್ಯವಂತ ಪ್ಲೇಟ್‌ಲೆಟ್ಟೂ ಗ್ಲಾನ್ಸ್‌ಮನ್ ಪ್ಲೇಟ್‌ಲೆಟ್ ಆಗಿಬಿಡುತ್ತದೆ.

ಬಾಂಬೆ ರಕ್ತಗುಂಪಿನ ಬಗ್ಗೆ ಓದಿದವರಿಗೆ ಇದು ಪರಿಚಿತ ಎನ್ನಿಸಬಹುದು. 1952ರಲ್ಲಿ ಮುಂಬಯಿಯಲ್ಲಿ ವೈ.ಎಂ. ಭೆಂಡೆ ಮತ್ತು ಸಂಗಡಿಗರು ಗುರುತಿಸಿದ ಆ ಗುಂಪಿನವರಿಗೆ, ಉಳಿದೆಲ್ಲರ ಕೆಂಪುಕಣದ ಮೇಲಿರುವ ಎಚ್ ಎಂಬ ವಸ್ತು ಇಲ್ಲ. ಆದ್ದರಿಂದ ಓ ಗುಂಪಿನ ರಕ್ತವೂ ಅವರಿಗೆ ವಿಷ. ತತ್ವ ಒಂದೇ, ಒಂದು ವ್ಯತ್ಯಾಸವಿದೆ. ಬಾಂಬೆ ಗುಂಪಿನವರಲ್ಲಿ ಪ್ರತಿಕಾಯ ಮೊದಲಿನಿಂದಲೇ ಇರುತ್ತದೆ, ರಕ್ತ ಹೊಂದಿಸಿ ನೋಡುವಾಗಲೇ ಗೊತ್ತಾಗುತ್ತದೆ. ಗ್ಲಾನ್ಸ್‌ಮನ್ ರೋಗಿಗೆ ಮೊದಲ ಚೀಲ ಚೆನ್ನಾಗಿ ಒಗ್ಗುತ್ತದೆ. ಎರಡನೆಯದೂ ಒಗ್ಗಬಹುದು. ಆ ಯಶಸ್ಸೇ ಮೋಸ ಮಾಡುತ್ತದೆ. ಮೂಗು ಸೋರಿದಾಗಲೆಲ್ಲ 'ಹೋದ ಸಲ ಹಾಕಿಸಿದ್ದೆವು, ಸರಿಹೋಯಿತು' ಎಂದು ಮತ್ತೆ ಹಾಕಿಸುತ್ತಾರೆ. ಮುಂದೆ ಲಾರಿಯೋ ಬೈಕೋ ಗುದ್ದಿ ಹೊಟ್ಟೆಯೊಳಗೆ ರಕ್ತ ಸೋರುವ ದಿನ ಬಂದಾಗ, ಪ್ರಾಣ ಉಳಿಸಬೇಕಾದ ಚೀಲ ಕೆಲಸ ಮಾಡುವುದಿಲ್ಲ.

ಎಲ್ಲರಲ್ಲೂ ಹೀಗಾಗುವುದಿಲ್ಲ. ಕೆಲವರು ಎಷ್ಟೋ ಚೀಲ ಪಡೆದೂ ಪ್ರತಿಕಾಯ ಬೆಳೆಸಿಕೊಳ್ಳುವುದಿಲ್ಲ. ಅಲ್ಪಸ್ವಲ್ಪ ಪ್ರೋಟೀನು ಇರುವವರಿಗಿಂತ, ಬಹುತೇಕ ಏನೂ ಇಲ್ಲದವರಿಗೆ ಅಪಾಯ ಹೆಚ್ಚು. ಜೊತೆಗೆ ಇನ್ನೊಂದು ತೊಡಕಿದೆ, ಇದು ಯಾವ ರೋಗಿಗಾದರೂ ಬರಬಹುದಾದದ್ದು. ಪ್ಲೇಟ್‌ಲೆಟ್ ಮೈಮೇಲೆ ಎಚ್‌ಎಲ್‌ಎ ಎಂಬ ಗುರುತುಗಳಿರುತ್ತವೆ, ಕಿಡ್ನಿ ಕಸಿ ಮಾಡುವಾಗ ಹೊಂದಿಸಿ ನೋಡುವುದೂ ಇವನ್ನೇ. ಚೀಲದಲ್ಲಿ ಬೆರೆತು ಬರುವ ದಾನಿಯ ಬಿಳಿ ರಕ್ತಕಣಗಳು ಈ ಗುರುತುಗಳ ವಿರುದ್ಧ ಪ್ರತಿಕಾಯ ಹುಟ್ಟಿಸುವುದರಲ್ಲಿ ನಿಸ್ಸೀಮ. ಅಮೆರಿಕದಲ್ಲಿ ರಕ್ತದ ಕ್ಯಾನ್ಸರ್ ರೋಗಿಗಳ ಮೇಲೆ ನಡೆದು 1997ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಮಾಮೂಲಿ ಚೀಲ ಪಡೆದವರಲ್ಲಿ ಶೇ. 45 ಮಂದಿಗೆ ಇಂಥ ಪ್ರತಿಕಾಯ ಬಂದರೆ, ಬಿಳಿಕಣ ಸೋಸಿದ ಚೀಲ ಪಡೆದವರಲ್ಲಿ ಅದು ಶೇ. 20ರ ಆಸುಪಾಸಿಗೆ ಇಳಿಯಿತು. ಒಂದು ಫಿಲ್ಟರಿನಿಂದ ಆಗುವ ಉಪಕಾರ ಇದು.

ಚೀಲ ಹಾಕಿದಾಗ ಬರುವ ಚಳಿಜ್ವರ, ಮೈಮೇಲೆ ಏಳುವ ಗಂದೆ ಬೇರೆ. ಅವು ಕಣ್ಣಿಗೆ ಕಾಣುತ್ತವೆ, ಇಂಜೆಕ್ಷನ್‌ಗೆ ಇಳಿಯುತ್ತವೆ. ಮೇಲೆ ಹೇಳಿದ ಪ್ರತಿಕ್ರಿಯೆ ಸದ್ದಿಲ್ಲದ್ದು. ಡೆಂಗಿ ರೋಗಿಯಲ್ಲಾದರೆ ಚೀಲ ಹಾಕಿದ ಒಂದು ಗಂಟೆಗೆ ಎಣಿಕೆ ಏರಿತೇ ಎಂದು ನೋಡಬಹುದು. ಗ್ಲಾನ್ಸ್‌ಮನ್ ರೋಗಿಯ ಸ್ವಂತ ಎಣಿಕೆಯೇ ಮೂರು ಲಕ್ಷ ಇರುವಾಗ ಇನ್ನೊಬ್ಬರದು ಐವತ್ತು ಸಾವಿರ ಬಂತೋ ಹೋಯಿತೋ ಎಣಿಕೆಯ ಯಂತ್ರಕ್ಕೆ ತಿಳಿಯುವುದಿಲ್ಲ. ಅದಕ್ಕೆ ಫ್ಲೋ ಸೈಟೋಮೆಟ್ರಿ ಬೇಕು. ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯವನ್ನು ಕೊಂಡಿಗೆ ಅಂಟಿಸಿ, ಲೇಸರ್ ಕಿರಣದ ಮುಂದೆ ಕಣಗಳನ್ನು ಒಂದೊಂದಾಗಿ ಹಾಯಿಸುತ್ತಾರೆ. ಹೊಳೆದವು ದಾನಿಯವು, ಹೊಳೆಯದವು ರೋಗಿಯವು. ರೋಗ ಪತ್ತೆ ಮಾಡುವುದೂ ಇದೇ ಯಂತ್ರದಿಂದ. ಬೆಂಗಳೂರಿನ ದೊಡ್ಡ ಆಸ್ಪತ್ರೆ, ಲ್ಯಾಬುಗಳಲ್ಲಿ ಇದು ಇದೆ. ತಿಪಟೂರಿನಿಂದ ಬಿ.ಎಚ್. ರಸ್ತೆಯಲ್ಲಿ ಬಸ್ಸು ಹತ್ತಿದರೂ ಅರಸೀಕೆರೆ ಕಡೆಯಿಂದ ಬರುವ ರೈಲು ಹಿಡಿದರೂ ಹೋಗಿ ಬರುವುದು ಒಂದು ದಿನದ ಕೆಲಸ. ಬದುಕಿನಲ್ಲಿ ಒಂದು ಸಲ ಆ ದಿನವನ್ನು ಖರ್ಚು ಮಾಡಲೇಬೇಕು.

ಇದೇ ಜಾಡಿನ ಬೇರೆ ಕೊರತೆಗಳೂ ಇವೆ. 1948ರಲ್ಲಿ ಫ್ರಾನ್ಸಿನ ಜೀನ್ ಬರ್ನಾರ್ಡ್, ಜೀನ್-ಪಿಯರ್ ಸೂಲಿಯೆ ವಿವರಿಸಿದ ರೋಗದಲ್ಲಿ ಪ್ಲೇಟ್‌ಲೆಟ್ ರಕ್ತನಾಳದ ಗೋಡೆಗೆ ಹತ್ತಿಕೊಳ್ಳುವ ಇನ್ನೊಂದು ಪ್ರೋಟೀನು ಇರುವುದಿಲ್ಲ. ಕಣಗಳು ದೊಡ್ಡವಾಗಿ, ಕಡಿಮೆಯಾಗಿ ಕಾಣುತ್ತವೆ. ಜಪಾನಿನಲ್ಲಿ 1989ರಲ್ಲಿ ಪತ್ತೆಯಾದ, ಸಿಡಿ36 ಎಂಬ ಪ್ರೋಟೀನಿನ ಕೊರತೆಯಲ್ಲಿ ರಕ್ತಸ್ರಾವವೇ ಇಲ್ಲ, ಚೀಲ ಹಾಕಿದಾಗ ಮಾತ್ರ ಪ್ರತಿಕಾಯದಿಂದ ತೊಂದರೆ ಬಯಲಾಗುತ್ತದೆ.

ಗ್ಲಾನ್ಸ್‌ಮನ್ ರೋಗದ ಹೆಚ್ಚಿನ ಭಾರ ಬೀಳುವುದು ಹೆಣ್ಣುಮಕ್ಕಳ ಮೇಲೆ. ಗಂಡುಮಕ್ಕಳು ಪೆಟ್ಟು ಬೀಳದಂತೆ ನೋಡಿಕೊಂಡರೆ ಎಷ್ಟೋ ರಕ್ತಸ್ರಾವ ತಪ್ಪುತ್ತದೆ. ಹುಡುಗಿ ಮೈನೆರೆದ ದಿನ ಮನೆಯವರು ಒಸಗೆಗೆ ಸಿದ್ಧತೆ ಮಾಡುತ್ತಿರುವಾಗ ಅವಳ ರಕ್ತಸ್ರಾವ ಏಳು ದಿನವಾದರೂ ನಿಲ್ಲುವುದಿಲ್ಲ, ಹತ್ತು ದಿನವಾದರೂ ನಿಲ್ಲುವುದಿಲ್ಲ. ಹಿಮೋಗ್ಲೋಬಿನ್ ನಾಲ್ಕಕ್ಕೋ ಐದಕ್ಕೋ ಇಳಿದು ಬಿಳಿಚಿದ ಮೇಲೆ ಆಸ್ಪತ್ರೆಗೆ ಕರೆತರುತ್ತಾರೆ. ರೋಗ ಮೊದಲೇ ಗೊತ್ತಿದ್ದರೆ ಆ ದಿನ ಬರುವ ಮುಂಚೆಯೇ ಸ್ತ್ರೀರೋಗ ತಜ್ಞರ ಸಲಹೆ ಪಡೆದು ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ, ಬೇಕಾದರೆ ಹಾರ್ಮೋನ್ ಮಾತ್ರೆ ಸಿದ್ಧವಿಟ್ಟುಕೊಳ್ಳಬಹುದು. ಗರ್ಭಕೋಶಕ್ಕೆ ಸಂಬಂಧಿಸಿದ ಮಾತ್ರೆ ಮದುವೆಯಾಗದ ಹುಡುಗಿಗೇಕೆ ಎಂಬ ಪ್ರಶ್ನೆಗೆ ಇಲ್ಲಿ ಜಾಗವಿಲ್ಲ. ಪ್ರಾಣದ ಪ್ರಶ್ನೆ ಇದು.

ಬಸುರಿಯಾದಾಗ ಇನ್ನೊಂದು ಪದರ ತೆರೆದುಕೊಳ್ಳುತ್ತದೆ. ಮಗುವಿಗೆ ಅಪ್ಪನಿಂದ ಸಾಮಾನ್ಯವಾಗಿ ಒಳ್ಳೆಯ ಪ್ರತಿ ಬಂದಿರುವುದರಿಂದ ಅದರ ಪ್ಲೇಟ್‌ಲೆಟ್‌ಗೆ ಕೊಂಡಿ ಇರುತ್ತದೆ. ತಾಯಿಯ ರಕ್ತದಲ್ಲಿ ಹಳೆಯ ಚೀಲಗಳಿಂದ ಹುಟ್ಟಿದ ಪ್ರತಿಕಾಯವಿದ್ದರೆ ಅದು ಮಾಸುಚೀಲವನ್ನು ದಾಟಿ ಮಗುವಿನ ಪ್ಲೇಟ್‌ಲೆಟ್‌ಗಳನ್ನು ಹೊಡೆಯಬಹುದು, ಮಗುವಿನ ಮಿದುಳಿನಲ್ಲಿ ರಕ್ತಸ್ರಾವವೂ ಆಗಬಹುದು. ಹತ್ತು ವರ್ಷದವಳಿದ್ದಾಗ ಮೂಗು ಸೋರಿದ್ದಕ್ಕೆ ಹಾಕಿಸಿದ ಒಂದು ಚೀಲದ ಪರಿಣಾಮ ಇಪ್ಪತ್ತೈದರಲ್ಲಿ ಅವಳು ಹೆರುವ ಕೂಸಿಗೆ ತಟ್ಟಬಹುದು. ಹೆಣ್ಣುಮಕ್ಕಳಿಗೆ ಚೀಲ ಕೊಡುವ ಮುನ್ನ ಎರಡು ಸಲ ಯೋಚಿಸಬೇಕು ಎಂದು ತಜ್ಞರು ಒತ್ತಿ ಹೇಳುವುದು ಇದಕ್ಕೇ.

ಹಾಗಾದರೆ ಕೊಡಲೇಬಾರದೇ? ಪ್ರಾಣಕ್ಕೆ ಅಪಾಯವಿದ್ದರೆ, ದೊಡ್ಡ ಶಸ್ತ್ರಚಿಕಿತ್ಸೆಯಿದ್ದರೆ ಖಂಡಿತ ಕೊಡಬೇಕು. ಆಗಲೂ ನಾಲ್ಕಾರು ದಾನಿಗಳ ಸಣ್ಣ ಚೀಲಗಳಿಗಿಂತ ಯಂತ್ರದ ಮೂಲಕ ಒಬ್ಬನೇ ದಾನಿಯಿಂದ ತೆಗೆದ, ಬಿಳಿಕಣ ಸೋಸಿದ ಒಂದು ಚೀಲ ಮೇಲು. ಸಾಧ್ಯವಾದರೆ ಎಚ್‌ಎಲ್‌ಎ ಹೊಂದುವ ದಾನಿಯೇ ಆಗಲಿ. ಪ್ಲೇಟ್‌ಲೆಟ್‌ಗಳನ್ನು ಫ್ರಿಜ್ಜಿನಲ್ಲಿಡುವಂತಿಲ್ಲ. 20ರಿಂದ 24 ಡಿಗ್ರಿಯಲ್ಲಿ ಸದಾ ಅಲುಗಾಡಿಸುತ್ತಿರಬೇಕು, ಐದು ದಿನಕ್ಕೆ ಅವಧಿ ಮುಗಿಯುತ್ತದೆ. ತಾಲ್ಲೂಕು ಊರುಗಳಲ್ಲಿ ಕೇಳಿದ ಕೂಡಲೇ ಸಿಗುವ ವಸ್ತುವಲ್ಲ ಎಂಬ ಕಾರಣಕ್ಕೂ ದಾನಿ ಯಾರೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಸಣ್ಣಪುಟ್ಟ ರಕ್ತಸ್ರಾವಕ್ಕೆ ಬೇರೆ ದಾರಿಗಳಿವೆ, ಅವುಗಳನ್ನೇ ಮೊದಲು ಹಿಡಿಯಬೇಕು. ಮೂಗು ಸೋರಿದರೆ ತಲೆ ಹಿಂದಕ್ಕೆ ವಾಲಿಸದೆ, ಮುಂದಕ್ಕೆ ಬಾಗಿಸಿ, ಮೂಗಿನ ಮೆದುಭಾಗವನ್ನು ಹತ್ತು ಹದಿನೈದು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ನಡುವೆ ಬಿಟ್ಟು ನೋಡುವ ಆತುರದಿಂದಲೇ ಬಹಳ ಸಲ ಕೆಡುತ್ತದೆ. ಗಾಯಕ್ಕೆ ಕಾಫಿಪುಡಿ ತುಂಬುವುದನ್ನು ಬಿಟ್ಟು ಶುದ್ಧ ಬಟ್ಟೆಯಿಂದ ಒತ್ತಬೇಕು. ಹಲ್ಲು ಕೀಳಿಸುವಾಗ, ವಸಡು ಸೋರುವಾಗ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಯೂ ಬಾಯಿ ಮುಕ್ಕಳಿಸುವ ದ್ರಾವಣವೂ ನೆರವಾಗುತ್ತವೆ. ದಿನಾ ಮೆದು ಬ್ರಷ್‌ನಿಂದ ಹಲ್ಲುಜ್ಜಿದರೆ ವಸಡಿನ ಎಷ್ಟೋ ರಕ್ತಸ್ರಾವ ತಪ್ಪುತ್ತದೆ. ಮೈಕೈ ನೋವಿಗೆಂದು ಕ್ಲಿನಿಕ್ಕಿಗೆ ಹೋಗಿ ಸೊಂಟಕ್ಕೆ ಡೈಕ್ಲೋಫೆನಾಕ್ ಇಂಜೆಕ್ಷನ್ ಚುಚ್ಚಿಸಿಕೊಳ್ಳುವ ಚಾಳಿ ಇವರಿಗೆ ಎರಡು ರೀತಿಯಲ್ಲಿ ಅಪಾಯ. ಸೂಜಿಯ ಜಾಗದಲ್ಲಿ ಮಾಂಸದೊಳಗೆ ರಕ್ತ ಗಡ್ಡೆ ಕಟ್ಟುತ್ತದೆ, ಔಷಧವೂ ರಕ್ತ ನಿಲ್ಲುವುದಕ್ಕೆ ಅಡ್ಡಿ. ಆಸ್ಪಿರಿನ್, ಐಬುಪ್ರೊಫೆನ್ ಕೂಡ ಬೇಡ.

ಪ್ರತಿಕಾಯ ಬಂದುಬಿಟ್ಟಿದ್ದರೆ ಉಳಿಯುವ ಮುಖ್ಯ ಅಸ್ತ್ರ ರೀಕಾಂಬಿನೆಂಟ್ ಫ್ಯಾಕ್ಟರ್ 7ಎ. ಸ್ವೀಡನ್ನಿನ ವೈದ್ಯೆ ಉಲ್ಲಾ ಹೆಡ್ನರ್ ಇದನ್ನು ಬೆಳೆಸಿದ್ದು ಹಿಮೋಫಿಲಿಯಾ ರೋಗಿಗಳಿಗಾಗಿ. ಪ್ಲೇಟ್‌ಲೆಟ್ ಒಗ್ಗದ ಗ್ಲಾನ್ಸ್‌ಮನ್ ರೋಗಿಗಳಿಗೆ ಇದನ್ನು ಬಳಸಲು ಯುರೋಪಿನಲ್ಲಿ 2004ರಲ್ಲಿ, ಅಮೆರಿಕದಲ್ಲಿ 2014ರಲ್ಲಿ ಅನುಮತಿ ಸಿಕ್ಕಿತು. ಕೊಂಡಿಯಿಲ್ಲದ ಪ್ಲೇಟ್‌ಲೆಟ್ ಮೈಮೇಲೂ, ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್‌ನ ಉತ್ಪಾದನೆಯನ್ನು ಹೆಚ್ಚಿಸಿ, ಫೈಬ್ರಿನ್ ಬಲೆಯನ್ನು ಬಿಗಿಗೊಳಿಸಿ ಇದು ರಕ್ತ ನಿಲ್ಲಿಸುತ್ತದೆ. ಎರಡು ಮೂರು ಗಂಟೆಗೊಮ್ಮೆ ಕೊಡಬೇಕು, ಒಂದೊಂದು ಬಾಟಲಿಗೂ ಹತ್ತಾರು ಸಾವಿರ ರೂಪಾಯಿ. ತೆಂಗಿಗೆ ನುಸಿ ಬಿದ್ದ ವರ್ಷ, ಕೊಬ್ಬರಿ ಬೆಲೆ ನೆಲ ಕಚ್ಚಿದ ವರ್ಷ ಯಾವ ರೈತ ಕುಟುಂಬ ಇದನ್ನು ಕೊಂಡೀತು?

ದಾವಣಗೆರೆಯಲ್ಲಿ ಸ್ವತಃ ಹಿಮೋಫಿಲಿಯಾ ಇರುವ ವೈದ್ಯ ಸುರೇಶ್ ಹನಗವಾಡಿ ಮತ್ತು ಸಂಗಡಿಗರು ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿ ರೋಗಿಗಳು ಒಟ್ಟಾದರೆ ಏನು ಮಾಡಬಹುದೆಂದು ತೋರಿಸಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಹಿಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್ ರೋಗ ಮೂರೂ ಇವೆ. ಗ್ಲಾನ್ಸ್‌ಮನ್ ಹೆಸರು ಅಲ್ಲಿಲ್ಲ. ದಕ್ಷಿಣ ಭಾರತ ಈ ರೋಗದ ನೆಲೆಗಳಲ್ಲೊಂದು ಎಂದು 1981ರಿಂದ ಗೊತ್ತಿದ್ದೂ ಅದು ಪಟ್ಟಿಗೆ ಸೇರದಿರುವುದು ಅನ್ಯಾಯ.

ಅಸ್ಥಿಮಜ್ಜೆ ಕಸಿಯಿಂದ ಪೂರ್ತಿ ಗುಣವಾದವರಿದ್ದಾರೆ, 1985ರಿಂದ ಅಂಥ ವರದಿಗಳಿವೆ. ಅಪಾಯ ದೊಡ್ಡದಾದ್ದರಿಂದ ತೀರಾ ಕಷ್ಟದಲ್ಲಿರುವವರಿಗೆ ಮಾತ್ರ ಮಾಡುತ್ತಾರೆ. ಇದೇ ರೋಗವಿರುವ ನಾಯಿಗಳಿಗೆ ಜೀನ್ ಚಿಕಿತ್ಸೆ ಮಾಡಿ ರಕ್ತಸ್ರಾವ ಕಡಿಮೆಯಾದದ್ದನ್ನು ಅಮೆರಿಕದ ವಿಜ್ಞಾನಿಗಳು 2011ರಲ್ಲಿ ತೋರಿಸಿದರು. ಮನುಷ್ಯರಿಗೆ ಅದು ಇನ್ನೂ ದಕ್ಕಿಲ್ಲ.

ಮತ್ತೆ ಮಳೆಗಾಲದ ಜ್ವರಕ್ಕೆ ಬಂದರೆ, ಡೆಂಗಿಯಲ್ಲೂ ಚೀಲದ ಅವಸರ ಬೇಡ ಎಂಬುದಕ್ಕೆ ಗಟ್ಟಿ ಪುರಾವೆ ಇದೆ. ಸಿಂಗಪುರ, ಮಲೇಷ್ಯಾದಲ್ಲಿ ಎಣಿಕೆ 20,000 ಅಥವಾ ಅದಕ್ಕೂ ಕೆಳಗಿಳಿದಿದ್ದ, ಆದರೆ ರಕ್ತಸ್ರಾವ ಜೋರಾಗಿರದ 372 ವಯಸ್ಕರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಂಜಾಗ್ರತೆಗೆಂದು ಪ್ಲೇಟ್‌ಲೆಟ್ ಕೊಟ್ಟವರಿಗೂ ಕೊಡದವರಿಗೂ ರಕ್ತಸ್ರಾವದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೊಟ್ಟವರಲ್ಲಿ ಅಡ್ಡಪರಿಣಾಮ ಹೆಚ್ಚಿತ್ತು. ಗ್ಲಾನ್ಸ್‌ಮನ್ ಇರುವವರಿಗೆ ಡೆಂಗಿ ಬಂದರೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಕೊಂಡಿಯಿಲ್ಲದ ಕಣಗಳೂ ಕಡಿಮೆಯಾದಾಗ ಯಾವ ಎಣಿಕೆಯೂ ಅವರಿಗೆ ಕ್ಷೇಮವಲ್ಲ. ಜ್ವರ ಬಂದ ಮೊದಲ ದಿನವೇ ರಕ್ತರೋಗ ತಜ್ಞರಿರುವ ಆಸ್ಪತ್ರೆಗೆ ಹೋಗಬೇಕು. ಹೋಗುವಾಗ ಜೇಬಿನಲ್ಲಿ ಒಂದು ಚೀಟಿ ಇರಲಿ, ಪ್ಲಾಸ್ಟಿಕ್ ಹಾಕಿಸಿದ್ದಾದರೆ ಇನ್ನೂ ಒಳ್ಳೆಯದು. ಅದರ ಮೇಲೆ ರೋಗದ ಪೂರ್ತಿ ಹೆಸರು, ರಕ್ತದ ಗುಂಪು, ಎಚ್‌ಎಲ್‌ಎ ವಿವರ, ಈವರೆಗೆ ಯಾವ ಯಾವ ವರ್ಷ ಎಷ್ಟು ಚೀಲ ಪ್ಲೇಟ್‌ಲೆಟ್ ಪಡೆದದ್ದು, ಕೊನೆಯ ಸಲ ಅದರಿಂದ ರಕ್ತ ನಿಂತಿತೋ ಇಲ್ಲವೋ, ಪ್ರತಿಕಾಯದ ಪರೀಕ್ಷೆ ಎಂದು ಮಾಡಿಸಿದ್ದು ಎಂಬುದನ್ನೆಲ್ಲ ಬರೆದಿರಬೇಕು. ಕೆಳಗೆ ದಪ್ಪ ಅಕ್ಷರದಲ್ಲಿ ಇನ್ನೊಂದು ಸಾಲು: ಎಣಿಕೆ ಸರಿಯಿದ್ದರೂ ಈ ವ್ಯಕ್ತಿಗೆ ರಕ್ತ ನಿಲ್ಲುವುದಿಲ್ಲ, ಸ್ನಾಯುವಿಗೆ ಇಂಜೆಕ್ಷನ್ ಕೊಡಬೇಡಿ.